ಹಾಡಮ್ಮ ತೀರಿಹೋದ ದಿನದ ಶೋ

ಬೆಳಗ್ಗೆ ಹತ್ತೂಮುಕ್ಕಾಲಿಗೆ ಮೈಕಕ್ಕ ಮೂರನೇ ಪ್ಲಾಟ್‌ಫಾರ್ಮಿನ ಬಸ್ಸು ಅರ್ಧ ಗಂಟೆ ತಡ ಎಂದು ಎರಡನೇ ಸಲ ಕೂಗಿ ಮೈಕು ಆರಿಸಿದಳು. ಬಸ್ ನಿಲ್ದಾಣದ ನಟ್ಟನಡುವೆ ಮೂರು ಕಡೆ ಗಾಜಿರುವ ಸಣ್ಣ ಗೂಡು ಅದು. ಒಳಗೆ ಒಂದು ಕುರ್ಚಿ, ಗೊರಗೊರ ಎನ್ನುವ ಫ್ಯಾನು, ಬಸ್ಸುಗಳ ವೇಳಾಪಟ್ಟಿ ಅಂಟಿಸಿದ ರಟ್ಟು, ಮೈಕು. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿ ಅವಳದೇ. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಡ್ರೈವರುಗಳು, ಕಂಡಕ್ಟರುಗಳು, ಕೊನೆಗೆ ಅವಳ ಓಣಿಯವರೂ ಮೈಕಕ್ಕ ಎಂದೇ ಕರೆಯುತ್ತಿದ್ದರು.

ಗಾಜಿನಾಚೆ ಏನೋ ಆಯಿತು ಎಂದು ಅವಳಿಗೆ ಮೊದಲು ಹೊಳೆದದ್ದು ಜನರ ಕತ್ತು ನೋಡಿ. ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಫೋನಿನತ್ತ ತಲೆ ಬಗ್ಗಿಸಿದರು. ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಟೀ ಅಂಗಡಿಯವನು ರೇಡಿಯೋ ಜೋರು ಮಾಡಿದ. ಹಾಡಮ್ಮನ ಹಾಡು. ಬಸ್ಸುಗಳ ಗದ್ದಲದಲ್ಲೂ ಆ ದನಿ ಗೂಡಿನೊಳಗೆ ತೂರಿ ಬಂತು.

ಅಷ್ಟರಲ್ಲಿ ನಿಲ್ದಾಣದ ಕಂಟ್ರೋಲರ್ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಮೈಕಕ್ಕ, ಸುದ್ದಿ ಗೊತ್ತಾಯ್ತಾ? ನಿಮ್ಮ ಹಾಡಮ್ಮ ಹೋಗ್ಬಿಟ್ರಂತೆ."

'ನಿಮ್ಮ' ಅನ್ನೋ ಮಾತು ಅವಳಿಗೆ ಮುಳ್ಳಿನ ಹಾಗೆ ನಾಟಿತು. ಕಂಟ್ರೋಲರ್ ಚುಚ್ಚಲು ಹೇಳಿದ್ದಲ್ಲ. ಹಾಡಮ್ಮ ಅಂದರೆ ಊರಿಗೆಲ್ಲ ದೊಡ್ಡ ಗಾಯಕಿ. ಆದರೆ ಕಳೆದ ನಾಲ್ಕು ವರ್ಷದಿಂದ ಹಾಡಮ್ಮ ಎಂದ ಕೂಡಲೇ ಜನಕ್ಕೆ ಮೈಕಕ್ಕನ ಮುಖವೂ ನೆನಪಾಗುತ್ತಿತ್ತು. ಶನಿವಾರ ಭಾನುವಾರಗಳಲ್ಲಿ ನಗೆನಾಟಕದ ತಂಡದಲ್ಲಿ ಹಾಡಮ್ಮನ ಶಾಲು ಹೊದ್ದು, ಹಾಡಮ್ಮನ ವಿಗ್ಗು ಹಾಕಿ, ಸಭಾಂಗಣದ ತುಂಬ ಜನ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡುತ್ತಿದ್ದವಳು ಇವಳೇ.

ಅಂದು ಶನಿವಾರ. ಸಂಜೆ ಆರು ಗಂಟೆಗೆ ಶೋ ಇತ್ತು.

ಮೈಕಕ್ಕನಿಗೆ ಈ ವಿದ್ಯೆ ಹತ್ತಿದ್ದು ಅಪ್ಪನ ಹೊಲಿಗೆ ಅಂಗಡಿಯಲ್ಲಿ. ಅಪ್ಪ ಮೆಷಿನ್ ತುಳಿಯುತ್ತಾ ರೇಡಿಯೋ ಕೇಳುತ್ತಿದ್ದ. ಇವಳು ಕತ್ತರಿಸಿದ ಬಟ್ಟೆ ಚೂರುಗಳ ಗುಡ್ಡೆಯ ಮೇಲೆ ಕೂತು, ಅಂಗಡಿಗೆ ಬಂದು ಹೋದವರನ್ನೆಲ್ಲ ಅಪ್ಪನ ಎದುರು ಆಡಿ ತೋರಿಸುತ್ತಿದ್ದಳು. ಮೂಗಿನಲ್ಲಿ ಮಾತಾಡುವ ಹೆಡ್‌ಮಾಸ್ಟರು, ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಪೋಸ್ಟ್ ಮಾಸ್ಟರು, ಎಲ್ಲರೂ ಅವಳ ಗಂಟಲಿನಲ್ಲಿ ಕೂತಿದ್ದರು. ಅಪ್ಪ ಸೂಜಿ ಬಿಟ್ಟು ನಗುತ್ತಿದ್ದ. ಒಂದು ದಿನ ಅವಳು ಹಾಡಮ್ಮನನ್ನು ಎತ್ತಿಕೊಂಡಳು. ಅಪ್ಪನ ಕಾಲು ಮೆಷಿನ್ ಮೇಲೆ ನಿಂತಿತು. "ಅವರೊಬ್ಬರನ್ನ ಬಿಟ್ಬಿಡು ಕಣೇ," ಅಂದ. ಅಷ್ಟೇ. ಮತ್ತೆ ಮೆಷಿನ್ ತುಳಿದ.

ಬಿಟ್ಟಳು, ಆದರೆ ತಂಡ ಸೇರುವವರೆಗೆ ಮಾತ್ರ. ತಂಡದ ಬರಹಗಾರನಿಗೆ ಅವಳ ಗಂಟಲಿನಲ್ಲಿ ಹಾಡಮ್ಮ ಇದ್ದಾಳೆಂದು ಗೊತ್ತಾದ ಮೇಲೆ ಬಿಡುವ ಮಾತೇ ಇರಲಿಲ್ಲ. ಮೊದಮೊದಲು ಆಡಿದ್ದು ಹಾಡಮ್ಮನ ಗತ್ತು. ಮೈಕನ್ನು ಬೆರಳಿನಿಂದ ಮೂರು ಸಲ ತಟ್ಟುವುದು, ಕೆಮ್ಮಿದವರನ್ನು ಹಾಡಿನ ನಡುವೆಯೇ ದುರುಗುಟ್ಟಿ ನೋಡುವುದು, ಚಪ್ಪಾಳೆ ಸಾಲದೆ ಹೋದರೆ ಶಾಲು ಕೊಡವಿ ಸರಿಮಾಡಿಕೊಳ್ಳುವುದು. ಅದನ್ನು ಯಾರೋ ಹೇಳಿದಾಗ ಹಾಡಮ್ಮ ನಕ್ಕರಂತೆ, "ಕೆಮ್ಮೋರಿಗೆ ಅವಳಾದ್ರೂ ಬುದ್ಧಿ ಹೇಳಲಿ" ಅಂದರಂತೆ ಎಂಬ ಮಾತೂ ಬಂದಿತ್ತು.

ನಾಲ್ಕು ವರ್ಷದ ಹಿಂದೆ, ಆಟಕ್ಕೆ ಹೊಸದೇನಾದರೂ ಸಿಗುತ್ತದೇನೋ ಎಂದು ಮೈಕಕ್ಕ ಹಾಡಮ್ಮನ ಕಛೇರಿಗೆ ಹೋದಳು. ಮೂರನೇ ಸಾಲಿನಲ್ಲಿ ಕೂತಳು. ನಲವತ್ತು ವರ್ಷದಿಂದ ಹಾಡಿಕೊಂಡು ಬಂದ ಹಾಡಿನ ನಟ್ಟನಡುವೆ ಹಾಡಮ್ಮ ನಿಂತುಬಿಟ್ಟರು. ಮುಂದಿನ ಸಾಲು ಬರಲಿಲ್ಲ. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂತಿದ್ದ ಮೇಷ್ಟ್ರ ಕಡೆ ತಿರುಗಿ, "ಮುಂದೇನಪ್ಪಾ?" ಅಂದರು. ಮೇಷ್ಟ್ರು ತುಟಿ ಅಲ್ಲಾಡಿಸದೆ ಸಾಲು ಹೇಳಿಕೊಟ್ಟರು, ಹಾಡು ಮುಂದೆ ಹೋಯಿತು. ಜನ ಅದನ್ನು ತಮಾಷೆ ಎಂದುಕೊಂಡು ಪ್ರೀತಿಯಿಂದ ನಕ್ಕರು.

ಮೈಕಕ್ಕ ನಗಲಿಲ್ಲ. ಮಂದಿಯನ್ನು ನೋಡಿ ನೋಡಿ ಪಳಗಿದ ಕಣ್ಣು ಅವಳದು. ಹಾಡಮ್ಮನ ಎಡಗೈ ಶಾಲಿನ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದುದನ್ನು ಅವಳು ಕಂಡಳು. ಆ ಕಣ್ಣಿನಲ್ಲಿದ್ದದ್ದು ದಾರಿ ತಪ್ಪಿದ ಮಗುವಿನ ದಿಗಿಲು. ಇದು ತಮಾಷೆಯಲ್ಲ, ಇವರಿಗೇನೋ ಆಗಿದೆ ಎಂದು ಅವಳಿಗೆ ಅಲ್ಲೇ ತಿಳಿಯಿತು.

ತಿಳಿದೂ, ಒಂದು ವಾರದೊಳಗೆ ಅದನ್ನು ಆಟಕ್ಕೆ ಸೇರಿಸಿದಳು. ಕೈಯನ್ನು ಬಿಟ್ಟಳು, ಕಣ್ಣನ್ನು ಬಿಟ್ಟಳು, "ಮುಂದೇನಪ್ಪಾ?" ಒಂದನ್ನೇ ತೆಗೆದುಕೊಂಡಳು. ಸಭಾಂಗಣದ ಸೂರು ಹಾರಿಹೋಗುವಷ್ಟು ನಗು ಬಂತು. ವಿಡಿಯೋ ಊರೂರು ಸುತ್ತಿತು. ಮಕ್ಕಳು ಮಗ್ಗಿ ಮರೆತರೆ "ಮುಂದೇನಪ್ಪಾ?", ಕಂಡಕ್ಟರು ಚಿಲ್ಲರೆ ಮರೆತರೆ "ಮುಂದೇನಪ್ಪಾ?". ಓಣಿಯಲ್ಲಿ ಮಕ್ಕಳು ಹಾಗೆ ಕೂಗಿಕೊಂಡು ಹೋದ ದಿನ ಅಪ್ಪ ಎದ್ದು ಕಿಟಕಿ ಹಾಕಿದ.

ಹೋದ ವರ್ಷ ಹಾಡಮ್ಮ ಕೊನೆಯ ಸಲ ವೇದಿಕೆ ಹತ್ತಿದರು. ಮತ್ತೆ ಮರೆತರು. ಅವರು ಮೇಷ್ಟ್ರ ಕಡೆ ತಿರುಗುವ ಮೊದಲೇ ಹಿಂದಿನ ಸಾಲುಗಳಿಂದ ನಾಲ್ಕೈದು ಜನ ಒಟ್ಟಿಗೆ "ಮುಂದೇನಪ್ಪಾ?" ಎಂದು ಕೂಗಿದರು. ಇಡೀ ಸಭೆ ಘೊಳ್ಳೆಂದು ನಕ್ಕಿತು. ಹಾಡಮ್ಮ ಎದ್ದು ಒಳಗೆ ಹೋದವರು ಮತ್ತೆಂದೂ ಹಾಡಲಿಲ್ಲ. ಆ ಸುದ್ದಿಯನ್ನು ತಂಡದ ಬರಹಗಾರ ಮೈಕಕ್ಕನಿಗೆ ಗೆದ್ದವನ ಉಮೇದಿನಲ್ಲಿ ಹೇಳಿದ್ದ: "ನೋಡು, ನಮ್ಮ ಡೈಲಾಗು ಅಲ್ಲಿಗೂ ಹೋಗಿ ಮುಟ್ಟಿದೆ!" ಅವಳು ಹೂಂಗುಟ್ಟಿದ್ದಳು. ಆ ರಾತ್ರಿ ಊಟ ಸೇರಿರಲಿಲ್ಲ. ಮುಂದಿನ ಶನಿವಾರ ಮತ್ತೆ ಶಾಲು ಹೊದ್ದಿದ್ದಳು.

ಈಗ ಗೂಡಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ಮನೆಯವರು ಹೊರಡಿಸಿದ ನಾಲ್ಕು ಸಾಲಿನ ಹೇಳಿಕೆ ಎಲ್ಲರ ಕೈಯಲ್ಲೂ ಓಡಾಡುತ್ತಿತ್ತು. ಹಾಡಮ್ಮನಿಗೆ ನಾಲ್ಕೂವರೆ ವರ್ಷದಿಂದ ಮರೆವಿನ ಕಾಯಿಲೆ ಇತ್ತು, ಅವರ ಇಷ್ಟದಂತೆ ಯಾರಿಗೂ ತಿಳಿಸಿರಲಿಲ್ಲ ಎಂದು ಅದರಲ್ಲಿತ್ತು. ಆ ಹೇಳಿಕೆಯ ಹಿಂದೆಯೇ ಮೈಕಕ್ಕನ ವಿಡಿಯೋ. ಅದರ ಮೇಲೆ ಯಾರೋ ದಪ್ಪಕ್ಷರದಲ್ಲಿ ಬರೆದಿದ್ದರು: 'ನಗಿಸಿ ನಗಿಸಿ ಕೊಂದವಳು.'

ಹನ್ನೊಂದೂವರೆ ಹೊತ್ತಿಗೆ ಒಬ್ಬ ಪ್ರಯಾಣಿಕ ಗೂಡಿನ ಮುಂದೆ ಬಂದು ನಿಂತ. ಫೋನನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಅಂಗೈಯಿಂದ ಗಾಜಿಗೆ ಬಡಿದ.

"ನೀನೇ ಅಲ್ವಾ? ಹೇಳು, ನೀನೇ ತಾನೆ?"

ಇನ್ನೂ ನಾಲ್ಕು ಜನ ಸೇರಿದರು. ಕಂಟ್ರೋಲರ್ ಓಡಿ ಬಂದು, ಗಾಜಿಗೂ ಜನಕ್ಕೂ ನಡುವೆ ತನ್ನ ದಪ್ಪ ಮೈ ತೂರಿಸಿ ನಿಂತ. ಆಮೇಲೆ ಒಳಗೆ ಬಂದು ಮೈಕನ್ನು ತನ್ನ ಕಡೆ ಎಳೆದುಕೊಂಡ.

"ಇವತ್ತು ನಾನೇ ಕೂಗ್ತೀನಿ. ನೀವು ಹಿಂದಿನ ಗೇಟಿಂದ ಮನೆಗೆ ಹೋಗಿ."

"ಸರ್, ನನ್ನ ಪಾಳಿ ಎರಡು ಗಂಟೆವರೆಗೂ ಇದೆ."

"ನಿಮ್ಮ ದನಿ ಕೇಳಿದ್ರೇ ಜನ ಉರಿದುಬೀಳ್ತಿದ್ದಾರಮ್ಮ. ಹೋಗಿ."

ಮನೆಯಲ್ಲಿ ಅಪ್ಪ ರೇಡಿಯೋ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಿ ಆರು ವರ್ಷ. ಮಗಳ ಚಪ್ಪಲಿ ಸದ್ದಿಗೆ ಅವನು ಕತ್ತು ತಿರುಗಿಸಲಿಲ್ಲ. ಅವಳು ನೀರು ಕುಡಿದಳು.

"ಶೋಗೆ ಹೋಗ್ತೀಯಾ?" ಅಪ್ಪ ಕೇಳಿದ.

"ಹೋಗ್ಬೇಕಲ್ಲಪ್ಪ."

"ಏನ್ ಮಾಡ್ತೀಯಾ ಹೋಗಿ?"

"ಗೊತ್ತಿಲ್ಲ. ಅಲ್ಲಿ ಮಾತಾಡ್ಕೊಂಡು ತೀರ್ಮಾನ ಮಾಡ್ತೀವಿ."

ಅಪ್ಪ ರೇಡಿಯೋ ಸಣ್ಣ ಮಾಡಿದ. "ಅವರಿಗೆ ಕಾಯಿಲೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

ಆ ಮೂರನೇ ಸಾಲು, ಆ ಮುಷ್ಟಿ, ಆ ಕಣ್ಣು, ಎಲ್ಲ ಒಂದೇ ಏಟಿಗೆ ಎದುರು ಬಂದು ನಿಂತವು.

"ಇಲ್ಲಪ್ಪ," ಅಂದಳು. "ನನಗೆಲ್ಲಿ ಗೊತ್ತಿರುತ್ತೆ?"

ಅಪ್ಪ ತಲೆಯಾಡಿಸಿ ಮತ್ತೆ ರೇಡಿಯೋ ಜೋರು ಮಾಡಿದ. ನಂಬಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಬಟ್ಟೆ ಬದಲಾಯಿಸುವ ನೆಪದಲ್ಲಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕೂವರೆಗೆ ಅವಳು ಸಭಾಂಗಣ ತಲುಪಿದಾಗ ಮುಂಬಾಗಿಲಿನಲ್ಲಿ ನೂರಿನ್ನೂರು ಜನ ಹಾಡಮ್ಮನ ಫೋಟೋ ಹಿಡಿದು ನಿಂತಿದ್ದರು. ಘೋಷಣೆಯಿಲ್ಲ, ಕೂಗಾಟವಿಲ್ಲ. ಮುಖಕ್ಕೆ ದುಪ್ಪಟ್ಟ ಎಳೆದುಕೊಂಡು, ಕಟ್ಟಡವನ್ನು ಬಳಸಿ ಹಿಂಬಾಗಿಲಿಂದ ಒಳಗೆ ಹೋದಳು.

ಬಣ್ಣದ ಕೋಣೆಯಲ್ಲಿ ತಂಡದ ಮ್ಯಾನೇಜರ್ ಶತಪಥ ಹಾಕುತ್ತಿದ್ದ. ಬರಹಗಾರ ಕನ್ನಡಿಯ ಮುಂದಿನ ಮೇಜಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಉಳಿದ ನಟರು ಗೋಡೆಗೆ ಒರಗಿ, ಯಾರ ಪರವೂ ವಹಿಸದವರ ಮುಖ ಮಾಡಿಕೊಂಡು ನಿಂತಿದ್ದರು.

ತಂಡಕ್ಕೆ ಸಾವು ಹೊಸದಲ್ಲ. ಹದಿನಾರು ವರ್ಷದಲ್ಲಿ ಅವರು ಅಣಕಿಸಿದ ಆರು ದೊಡ್ಡವರು ತೀರಿಹೋಗಿದ್ದರು. ಒಬ್ಬ ಮಂತ್ರಿ ಸತ್ತಾಗ ಹದಿನೈದು ದಿನ ಅವನ ವಿಗ್ಗನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಹದಿನಾರನೆಯ ದಿನ ಅದೇ ವಿಗ್ಗನ್ನು ಹೊಸ ಮಂತ್ರಿಯ ತಲೆಗೆ ಏರಿಸಿದ್ದರು. ಕುಸ್ತಿಪಟುವೊಬ್ಬ ಸತ್ತಾಗ ಅವನ ಹೆಂಡತಿಯೇ ಫೋನ್ ಮಾಡಿ, "ಆಟ ನಿಲ್ಲಿಸಬೇಡಿ, ಅವರಿಗೆ ಅದು ಇಷ್ಟ" ಅಂದಿದ್ದಳು. ಟಿವಿ ವಾರ್ತೆ ಓದುತ್ತಿದ್ದವನೊಬ್ಬ ಸತ್ತಾಗ ವಿಷಯ ಯಾರಿಗೂ ನೆನಪಾಗದೆ ಆಟ ಆಡಿಬಿಟ್ಟು, ಆಮೇಲೆ ಪತ್ರಿಕೆಯಲ್ಲಿ ಕ್ಷಮೆ ಕೇಳಿದ್ದರು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಥರ. ಆದರೆ ಅಣಕಿಸಿದ್ದು ಕಾಯಿಲೆಯನ್ನೇ ಎಂದು ಸತ್ತ ದಿನ ಗೊತ್ತಾದದ್ದು ಇದೇ ಮೊದಲು.

"ಬಾ ಅಕ್ಕ, ಬಾ," ಮ್ಯಾನೇಜರ್ ಅವಳ ಕೈ ಹಿಡಿದು ಕೂರಿಸಿದ. "ಎಲ್ಲ ಯೋಚನೆ ಮಾಡಿದ್ದೀನಿ. ಪರದೆ ತೆಗೆದ ತಕ್ಷಣ ನೀನು ಹಾಡಮ್ಮನ ವೇಷದಲ್ಲೇ ಬರ್ತೀಯ. ವೇದಿಕೆ ಮೇಲೆ ದೊಡ್ಡ ಫೋಟೋ, ದೀಪ. ಅವರ ಆ ಹಳೇ ಹಾಡಿದೆಯಲ್ಲ, ಅದನ್ನ ಅಣಕ ಇಲ್ಲದೆ ಚೆನ್ನಾಗಿ ಹಾಡ್ತೀಯ. ಕೊನೆಗೆ ಕಣ್ಣೀರು ಹಾಕ್ತೀಯ. ಕೈ ಮುಗೀತೀಯ. ಜನ ಕರಗಿಹೋಗ್ತಾರೆ."

"ಥೂ!" ಬರಹಗಾರ ಮೇಜಿನಿಂದ ಇಳಿದ. "ನಾಲ್ಕು ವರ್ಷ ನಗಿಸಿ ಇವತ್ತು ಅತ್ತರೆ ನಾಟಕ ಅನ್ನಲ್ವಾ? ಬರೆದೋನು ನಾನು, ಬೈಗುಳ ನನಗಿರಲಿ. ಆಟ ಇದ್ದ ಹಾಗೇ ಆಡೋಣ. ಆಡದೆ ಬಿಟ್ರೆ ನಾವೇ ತಪ್ಪು ಒಪ್ಪಿಕೊಂಡಂಗೆ. ನಮಗೆ ಕಾಯಿಲೆ ವಿಷಯ ಗೊತ್ತಿತ್ತಾ? ಇಲ್ಲ ತಾನೆ?"

ಎಲ್ಲರೂ ತಲೆಯಾಡಿಸಿದರು. ಮೈಕಕ್ಕ ನೆಲ ನೋಡಿದಳು.

"ಆ ಭಾಗವನ್ನೇ ಬಿಟ್ಟು ಉಳಿದದ್ದು ಆಡೋಣ," ಅಂದಳು ಸಣ್ಣ ದನಿಯಲ್ಲಿ.

"ಬಿಟ್ರೆ ಹೆದರಿ ಓಡಿಹೋದ್ರು ಅಂತಾರೆ ಅಕ್ಕ," ಮ್ಯಾನೇಜರ್ ಅಂದ. "ಹೊರಗೆ ನಿಂತಿರೋರು ನಿನ್ನ ಮುಖ ನೋಡೋಕೆ ಅಂತಾನೇ ಬಂದಿದ್ದಾರೆ. ಟಿಕೆಟ್ ತಗೊಂಡೋರೂ ಅದಕ್ಕೇ ತಗೊಂಡಿದ್ದಾರೆ."

ಆ ಹೊತ್ತಿಗೆ ಪೊಲೀಸ್ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ಕಾಣಿಸಿಕೊಂಡ. ಟೋಪಿ ಕಂಕುಳಲ್ಲಿತ್ತು. "ಶೋ ಮಾಡಿ, ಬಿಡಿ, ಅದು ನಿಮ್ಮಿಷ್ಟ. ಒಂದೇ ಒಂದು ಕುರ್ಚಿ ಮುರಿದ್ರೂ ನಾನು ದೀಪ ಹಾಕಿಸಿ ಎಲ್ಲರನ್ನೂ ಆಚೆ ಕಳಿಸ್ತೀನಿ. ಆಮೇಲೆ ನನ್ನನ್ನ ಕೇಳಬೇಡಿ," ಎಂದು ಹೇಳಿ ಹೋದ.

ಮ್ಯಾನೇಜರ್ ಪೆಟ್ಟಿಗೆಯಿಂದ ಶಾಲು ತೆಗೆದು ಅವಳ ತೊಡೆಯ ಮೇಲೆ ಹಾಕಿದ. ಅವಳು ಅದನ್ನು ಮುಟ್ಟಲಿಲ್ಲ, ತಳ್ಳಲೂ ಇಲ್ಲ.

ಐದೂಕಾಲಿಗೆ ಹಿಂಬಾಗಿಲಿನ ಕಾವಲುಗಾರ ಒಬ್ಬ ಮುದುಕರನ್ನು ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಬ್ಬೆರಳಿಗೆ ಸುತ್ತಿದ ಬ್ಯಾಂಡೇಜು. ಮೈಕಕ್ಕನಿಗೆ ಕೂಡಲೇ ಗುರುತು ಸಿಕ್ಕಿತು. ಹಾಡಮ್ಮನ ಪಕ್ಕ ಕೂರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಅವಳು ಎದ್ದು ನಿಂತಳು. ಶಾಲು ನೆಲಕ್ಕೆ ಬಿತ್ತು.

"ಇವರೊಬ್ಬರ ಹತ್ರಾನೇ ಮಾತಾಡಬೇಕು," ಅಂದರು ಮೇಷ್ಟ್ರು. ಎಲ್ಲರೂ ಹೊರಗೆ ಹೋದರು.

ಮೇಷ್ಟ್ರು ಕೂರಲಿಲ್ಲ. "ಮೂವತ್ತೆರಡು ವರ್ಷ ಅವರ ಪಕ್ಕ ಕೂತಿದ್ದೀನಮ್ಮ. ದಾರಿಯುದ್ದಕ್ಕೂ ನಿನಗೆ ಏನೇನು ಬೈಬೇಕು ಅಂತ ಜೋಡಿಸಿಕೊಂಡು ಬಂದೆ."

"ಬೈಯಿರಿ ಮೇಷ್ಟ್ರೇ."

"ನಿನ್ನ ವಿಡಿಯೋ ಅವರ ಕಣ್ಣಿಗೆ ಬೀಳಬಾರದು ಅಂತ ಮನೆಯವರು ಫೋನುಗಳನ್ನ ಬಚ್ಚಿಡ್ತಿದ್ರು. ಎಷ್ಟು ಅಂತ ಬಚ್ಚಿಡೋದು? ಎಂಟು ತಿಂಗಳ ಹಿಂದೆ ನೋಡಿಬಿಟ್ರು. ನಾನು ಪಕ್ಕದಲ್ಲೇ ಇದ್ದೆ. ಪೂರ್ತಿ ನೋಡಿದ್ರು."

ಮೈಕಕ್ಕ ತಲೆ ಎತ್ತಿದಳು. "ಏನಂದ್ರು?"

ಮೇಷ್ಟ್ರು ಕನ್ನಡಿಯ ಕಡೆ ತಿರುಗಿದರು. "ಅದು ತಮ್ಮನ್ನೇ ಆಡಿದ್ದು ಅಂತ ಅವರಿಗೆ ಗೊತ್ತಾಗಲಿಲ್ಲಮ್ಮ. 'ಯಾರಪ್ಪ ಈ ಹೆಂಗಸು? ಶ್ರುತಿ ಚೆನ್ನಾಗಿದೆ. ಪಾಪ, ಸಾಲು ಮರೆತು ನಿಂತಿದ್ದಾಳೆ, ಎಲ್ಲರೂ ನಗ್ತಾ ಇದ್ದಾರಲ್ಲ, ಒಬ್ಬರಾದ್ರೂ ಹೇಳಿಕೊಡಬಾರದಾ' ಅಂದ್ರು. ನನ್ನ ತೋಳು ಹಿಡಿದು, 'ನೀನು ಹೋಗಿ ಹೇಳಿಕೊಟ್ಟು ಬಾ' ಅಂದ್ರು."

ಹಾಡಮ್ಮ ಬೈದಿದ್ದರೆ ಮೈಕಕ್ಕ ತಡೆದುಕೊಳ್ಳುತ್ತಿದ್ದಳು. ಕ್ಷಮಿಸಿದೆ ಎಂದಿದ್ದರೂ ಹೇಗೋ ತಡೆದುಕೊಳ್ಳುತ್ತಿದ್ದಳು. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ಅವಳಿಗೆ ತಿಳಿಯಲಿಲ್ಲ.

"ಒಂದೇ ಮಾತು ಕೇಳೋಕೆ ಬಂದೆ," ಮೇಷ್ಟ್ರು ನೆಲದ ಮೇಲಿನ ಶಾಲನ್ನು ತೋರಿಸಿದರು. "ಆಟ ಆಡಿದ್ರೆ ಆಡ್ಕೊಳ್ಳಿ, ಅದು ನಿಮ್ಮ ಕೆಲಸ. ಆದ್ರೆ ಅದನ್ನ ಹೊದ್ದು ಅಳಬೇಡ. ಆ ಅಳು ಮನೇಲಿ ಸತ್ಯವಾಗಿ ಅಳ್ತಿರೋರದ್ದು. ಅದನ್ನೂ ತಗೋಬೇಡ."

ಅವರು ಹೊರಟಾಗ ಅವಳ ಬಾಯಿಂದ ತಾನಾಗಿ ಮಾತು ಹೊರಟಿತು. "ಮೇಷ್ಟ್ರೇ, ನನಗೆ ಗೊತ್ತಿತ್ತು."

ಮೇಷ್ಟ್ರು ತಿರುಗಿದರು.

"ಮೊದಲ ಸಲ ಮರೆತರಲ್ಲ, ಅವತ್ತು ನಾನು ಮೂರನೇ ಸಾಲಲ್ಲಿದ್ದೆ. ಕೈ ನೋಡಿದೆ. ಕಾಯಿಲೆ ಹೆಸರು ಗೊತ್ತಿರಲಿಲ್ಲ ಅಷ್ಟೇ, ಕಾಯಿಲೆ ಅಂತ ಗೊತ್ತಾಗಿತ್ತು."

ಮೇಷ್ಟ್ರ ಮುಖದಲ್ಲಿ ಬಣ್ಣ ಏರಿ ಇಳಿಯಿತು. ಬಾಗಿಲು ತೆಗೆದು ಹೊರಗೆ ಹೋದರು.

ಆರು ಗಂಟೆಗೆ ಆಟ ಶುರುವಾಗುವ ಮೂರನೇ ಬೆಲ್ಲು ಹೊಡೆಯಿತು. ಮೈಕಕ್ಕ ಮನೆಯಿಂದ ಹಾಕಿಕೊಂಡು ಬಂದ ಬೂದು ಬಟ್ಟೆಯಲ್ಲೇ ಪರದೆಯ ಹಿಂದೆ ನಿಂತಿದ್ದಳು. ಮ್ಯಾನೇಜರ್ ಹಲ್ಲು ಕಚ್ಚಿ ಪಿಸುಗುಟ್ಟಿದ: "ವೇಷ ಎಲ್ಲಿ ಅಕ್ಕ? ಏನ್ ಮಾಡೋಕೆ ಹೊರಟಿದ್ದೀಯಾ?" ಅವಳು ಉತ್ತರ ಕೊಡುವ ಮೊದಲೇ ಪರದೆ ಸರಿಯಿತು.

ಸಭಾಂಗಣ ಕಿಕ್ಕಿರಿದಿತ್ತು. ಗೋಡೆಗುಂಟ ಪೊಲೀಸರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಹತ್ತೊಂಬತ್ತು ವರ್ಷ ಮೈಕಿನಲ್ಲಿ ಮಾತಾಡಿದವಳಿಗೆ ಮೈಕು ಎಷ್ಟು ದೂರ ಹಿಡಿಯಬೇಕೆಂದು ಮರೆತುಹೋದಂತಾಗಿ, ಅದು ಕುಂಯ್ ಎಂದು ಕಿರುಚಿತು.

"ನಮಸ್ಕಾರ," ಅಂದಳು. "ಇವತ್ತು ಹಾಡಮ್ಮನ ಆಟ ಇಲ್ಲ. ಇನ್ನು ಮುಂದೆ ನಾನು ಅದನ್ನ ಆಡೋದಿಲ್ಲ. ಅವರ ಕಾಯಿಲೆ ನಮಗೆ ಗೊತ್ತಿರಲಿಲ್ಲ ಅಂತ ತಂಡದವರು ಹೇಳ್ತಾರೆ. ಅವರು ಹೇಳೋದು ನಿಜ. ಅವರಿಗೆ ಗೊತ್ತಿರಲಿಲ್ಲ. ಆದ್ರೆ..."

ಅಲ್ಲಿ ಅವಳ ದನಿ ನಿಂತಿತು. ಮುಂದಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಹೊರಗೆ ಬರಲಿಲ್ಲ. ಒಂದು ಕ್ಷಣ, ಎರಡು ಕ್ಷಣ. ಅವಳು ಬಾಯಿ ತೆರೆದು ನಿಂತೇ ಇದ್ದಳು.

ಬಾಲ್ಕನಿಯಿಂದ ಯಾರೋ ಕೂಗಿದರು: "ಮುಂದೇನಪ್ಪಾ?"

ಸಿಟ್ಟಿನಿಂದಲೋ, ಕುಚೋದ್ಯಕ್ಕೋ, ನಾಲ್ಕು ವರ್ಷದ ಅಭ್ಯಾಸಬಲದಿಂದಲೋ, ಯಾರಿಗೂ ತಿಳಿಯಲಿಲ್ಲ. ಆದರೆ ಅರ್ಧ ಸಭೆ ಯೋಚಿಸುವ ಮೊದಲೇ ನಕ್ಕುಬಿಟ್ಟಿತು. ನಕ್ಕ ಮರುಗಳಿಗೆಯಲ್ಲಿ ನಗು ಕತ್ತರಿಸಿದ ಹಾಗೆ ನಿಂತಿತು. ಮುಂದಿನ ಸಾಲಿನಲ್ಲಿ ಹಾಡಮ್ಮನ ಫೋಟೋ ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ಹೆಂಗಸು, ತಾನೂ ನಕ್ಕದ್ದಕ್ಕೆ, ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದಳು. ಆಮೇಲೆ ಎಲ್ಲ ಒಟ್ಟಿಗೆ ಶುರುವಾಯಿತು. "ಯಾರೋ ಅವನು?" ಎಂದು ಬಾಲ್ಕನಿಯತ್ತ ಕೂಗಿದವರು, "ಇಳಿಯೇ ಕೆಳಗೆ" ಎಂದು ಇವಳತ್ತ ಕೂಗಿದವರು. ನೀರಿನ ಬಾಟಲಿಯೊಂದು ತೂರಿ ಬಂದು ಅವಳ ಭುಜಕ್ಕೆ ಬಡಿದು ಉರುಳಿತು. ಇನ್‌ಸ್ಪೆಕ್ಟರ್ ಕೈ ಎತ್ತಿದ. ಸಭೆಯ ದೀಪಗಳೆಲ್ಲ ಝಗ್ಗನೆ ಹತ್ತಿದವು.

ಆ ಬೆಳಕಿನಲ್ಲಿ ಅವಳಿಗೆ ಪ್ರತಿಯೊಂದು ಮುಖವೂ ಕಂಡಿತು. ಕತ್ತಲೆಯಲ್ಲಿ ಬರೀ ನಗುವಾಗಿದ್ದವರು ಈಗ ಒಬ್ಬೊಬ್ಬರಾಗಿ ಕಂಡರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಗದ್ದಲದ ಮೇಲೆ ಹೇಳಿದಳು: "ನನಗೆ ಗೊತ್ತಿತ್ತು. ಅವರು ಹೆದರಿದ್ದು ನಾನು ನೋಡಿದ್ದೆ. ನೋಡಿಯೂ ಆಡಿದೆ. ಚೆನ್ನಾಗಿ ನಗು ಬರುತ್ತೆ ಅಂತ ಆಡಿದೆ. ಇಷ್ಟೇ ನಾನು ಹೇಳಬೇಕಾಗಿದ್ದು."

ಅಷ್ಟು ಹೊತ್ತಿಗೆ ಪರದೆ ಬಿತ್ತು. ಇನ್‌ಸ್ಪೆಕ್ಟರ್ ಅವಳ ರೆಟ್ಟೆ ಹಿಡಿದು ಪಕ್ಕದ ಬಾಗಿಲಿಂದ ಜೀಪಿಗೆ ಹತ್ತಿಸಿದ. ಮ್ಯಾನೇಜರ್ ಹಿಂದೆಯೇ ಓಡಿ ಬಂದು, "ಮುಳುಗಿಸಿಬಿಟ್ಟೆಯಲ್ಲ ಅಕ್ಕ, ಎಲ್ಲರನ್ನೂ ಮುಳುಗಿಸಿಬಿಟ್ಟೆ!" ಎಂದು ತಲೆ ಚಚ್ಚಿಕೊಂಡ. ಬರಹಗಾರ ಮಾತ್ರ ದೂರದಲ್ಲಿ ಗೋಡೆಗೆ ಒರಗಿ, ಅವಳನ್ನು ಮೊದಲ ಸಲ ನೋಡುವವನ ಹಾಗೆ ನೋಡುತ್ತಾ ನಿಂತಿದ್ದ.

ಮನೆಗೆ ಬರುವಷ್ಟರಲ್ಲಿ ಆ ಮಾತು ಅವಳಿಗಿಂತ ಮೊದಲೇ ಬಂದಿತ್ತು. ಪಕ್ಕದ ಮನೆಯವರು ಫೋನು ತಂದು ಅಪ್ಪನಿಗೆ ಕೇಳಿಸಿದ್ದರು.

"ನಾನು ಕೇಳಿದಾಗ ಗೊತ್ತಿರಲಿಲ್ಲ ಅಂದಿದ್ದೆ," ಅಪ್ಪ ಅಂದ.

"ಹೌದಪ್ಪ. ಸುಳ್ಳು ಹೇಳಿದೆ."

ಅಪ್ಪ ಎದ್ದು, ಗೋಡೆ ಸವರಿಕೊಂಡು ತನ್ನ ಕೋಣೆಗೆ ಹೋದ. ಹನ್ನೊಂದು ದಿನ ಮಗಳ ಜೊತೆ ಒಂದು ಮಾತೂ ಆಡಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುವುದು, ಕೈ ತೊಳೆಯುವುದು, ಅಷ್ಟೇ. ಓಣಿಯ ಬೈಗುಳ, ಫೋನಿನ ಬೆದರಿಕೆ ಇವೆಲ್ಲಕ್ಕಿಂತ ಅವಳನ್ನು ಹಿಂಡಿದ್ದು ಆ ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಗ್ಗೆ ಅವನು ಗುಂಡಿ ಕಿತ್ತುಹೋದ ಅಂಗಿಯನ್ನೂ ಸೂಜಿಯನ್ನೂ ಅವಳ ಕಡೆ ಚಾಚಿದ. "ದಾರ ಪೋಣಿಸಿಕೊಡು. ನನಗೆ ಕಾಣಲ್ಲ," ಅಂದ. ಅವಳು ಪೋಣಿಸಿ ಕೊಟ್ಟಳು. ಗುಂಡಿ ಹಾಕುತ್ತಾ ಅಪ್ಪ ತನಗೆ ತಾನೇ ಹೇಳಿಕೊಂಡವನಂತೆ, "ನಾನೂ ಒಂದು ಸಲ ನಕ್ಕಿದ್ದೆ. ಪಕ್ಕದ ಮನೆ ಟಿವೀಲಿ ನಿನ್ನ ಆಟ ಬಂದಾಗ. ನಗು ಬಂದುಬಿಡ್ತು," ಅಂದ.

ನಿಲ್ದಾಣದಲ್ಲಿ ಒಂದೂವರೆ ತಿಂಗಳು ಅವಳಿಗೆ ಮೈಕು ಕೊಡಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಕಳೆದುಹೋದ ಸಾಮಾನುಗಳಿಗೆ ಚೀಟಿ ಅಂಟಿಸಿದಳು: ಕೊಡೆ, ಟಿಫನ್ ಡಬ್ಬಿ, ಒಂಟಿ ಚಪ್ಪಲಿ. ಕೊನೆಗೆ ಕಂಟ್ರೋಲರೇ ಬಂದು ಕೈ ಮುಗಿದ. "ಬನ್ನಿ ಮೈಕಕ್ಕ. ನಾನು ಕೂಗಿದ್ರೆ ಯಾವ ಬಸ್ಸು ಎಲ್ಲಿಗೆ ಅಂತ ಜನಕ್ಕೆ ಗೊತ್ತಾಗ್ತಿಲ್ಲವಂತೆ."

ತಂಡ ಐದು ತಿಂಗಳು ಬಾಗಿಲು ಹಾಕಿತ್ತು. ಮತ್ತೆ ಶುರುವಾದಾಗ ಮ್ಯಾನೇಜರ್ ಬೇರೊಬ್ಬಳಿಗೆ ಶಾಲು ಹೊದಿಸಿ ಹಾಡಮ್ಮನ ಆಟ ಎರಡು ಸಲ ಆಡಿಸಿ ನೋಡಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ನಗಲಿಲ್ಲ. ಅದನ್ನು ಕೈಬಿಟ್ಟು, ಮೈಕಕ್ಕನ ಮನೆಗೆ ತಾನೇ ಬಂದ. ಅವಳು ಬರುತ್ತೇನೆ ಎಂದಳು, ಒಂದು ಷರತ್ತು ಹಾಕಿದಳು: ಯಾರನ್ನು ಆಡಬೇಕೋ ಅವರನ್ನು ಮೊದಲು ಮನೆಗೆ ಹೋಗಿ ಕಾಣುತ್ತೇನೆ. ಮ್ಯಾನೇಜರ್ ನಕ್ಕ. "ಯಾರಾದ್ರೂ ಮನೆಗೆ ಕರೆದು ಅಣಕಿಸಿಕೊಳ್ತಾರಾ ಅಕ್ಕ?" ಬರಹಗಾರ ನಗಲಿಲ್ಲ. "ಹೋಗಿ ಬರಲಿ ಬಿಡಿ," ಅಂದ.

ಹಾಗೆ ಅವಳು ಮೊದಲು ಹೋದದ್ದು ಊರಿನ ಫುಟ್‌ಬಾಲ್ ತಂಡದ ಕೋಚ್ ಮನೆಗೆ. ಮೈದಾನದ ಅಂಚಿನಲ್ಲಿ ಒಂದು ಕಾಲು ಎಳೆಯುತ್ತಾ ಓಡಾಡಿ, ತನ್ನ ಆಟಗಾರರಿಗೂ ರೆಫರಿಗೂ ಒಂದೇ ಉಸಿರಿನಲ್ಲಿ ಬೈಯುವ ಆಸಾಮಿ. ಬಾಗಿಲು ತೆರೆದವನು ಅವಳನ್ನು ಗುರುತಿಸಿದ. ಮುಖ ಗಂಟಿಕ್ಕಿಕೊಂಡೇ ಒಳಗೆ ಕೂರಿಸಿದ.

"ನಿಮ್ಮ ಕಾಲು ಹಾಗೆ ಎಳೀತೀರಲ್ಲ," ಅವಳು ಕೇಳಿದಳು, "ಅದು ಗತ್ತಾ, ನೋವಾ?"

ಅವನು ಅವಳನ್ನೇ ದಿಟ್ಟಿಸಿದ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ನೋವು," ಅಂದ. "ಮಂಡಿ ಹೋಗಿದೆ."

"ಹಾಗಾದ್ರೆ ಕಾಲು ಬೇಡ. ಬೈಗುಳ ತಗೊಳ್ಳಲಾ?"

"ಬೈಗುಳ ಬೇಕಾದಷ್ಟಿದೆ, ತಗೊಳ್ಳಿ." ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೈಕಟ್ಟಿದ. "ಎಲ್ಲಿ, ಮಾಡಿ ನೋಡೋಣ."

ಮೈಕಕ್ಕ ಎದ್ದು ನಿಂತಳು, ಸೊಂಟಕ್ಕೆ ಕೈ ಕೊಟ್ಟಳು, ಉಸಿರು ಎಳೆದುಕೊಂಡು ಅವನ ಗಂಟಲಿನಲ್ಲಿ ಅರ್ಧ ನಿಮಿಷ ಬೈದಳು. ಕೋಚ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಗ ಒಳಗಡೆ ಪಾತ್ರೆಯೊಂದು ಕೈಜಾರಿ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಅವನ ಹೆಂಡತಿ ತಡೆಯಲಾರದೆ ಬಿದ್ದು ಬಿದ್ದು ನಗುವ ಸದ್ದು.

"ಏಯ್, ಏನಾಯ್ತೇ ನಿಂಗೆ, ಯಾಕೆ ಹಂಗೆ ನಗ್ತಿದ್ದೀಯಾ!" ಎಂದು ಕೋಚ್ ಒಳಗಿನ ಕಡೆ ತಿರುಗಿ ಗುಡುಗಿದ. ಗುಡುಗಿದ ಮೇಲೆ ತನ್ನ ದನಿ ತನಗೇ ಕೇಳಿಸಿತೋ ಏನೋ, ಮೈಕಕ್ಕನ ಕಡೆ ತಿರುಗಿ, ಸ್ವಲ್ಪ ತಗ್ಗಿದ ದನಿಯಲ್ಲಿ, "ಕೂತ್ಕೊಳ್ಳಿ, ಟೀ ಕುಡಿದು ಹೋಗಿ," ಅಂದ.